ಇಂದಕ್ಕನ ಕನ್ನಡ ಪರೀಕ್ಷೆ

ತಾಂಡೂರಿನಲ್ಲಿ ಹಾಸುಗಲ್ಲು ಕೊಯ್ಯುವ ಯಂತ್ರಗಳ ಕೆಳಗೆ ಬೂದುಬಣ್ಣದ ನೀರು ಹರಿಯುತ್ತದಲ್ಲ, ಅದಕ್ಕೊಂದು ವಾಸನೆ ಇದೆ. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಮಳೆ ಬಿದ್ದ ಹಾಗೆ, ಅದರಲ್ಲಿ ಸ್ವಲ್ಪ ಕಬ್ಬಿಣ ಬೆರೆತ ಹಾಗೆ. ಕಳೆದ ವಾರ ಬಸ್ಸಿನಿಂದ ಇಳಿದು ದೊಡ್ಡಪ್ಪನ ಓಣಿಯ ಕಡೆ ತಿರುಗಿದ್ದೇ ತಡ, ಆ ವಾಸನೆ ಮೂಗಿಗೆ ಹೊಡೆಯಿತು. ಅಲ್ಲೇ ನಿಂತುಬಿಟ್ಟೆ. ಎರಡು ವರ್ಷದ ಹಿಂದೆ ಇದೇ ವಾಸನೆಯಲ್ಲಿ ಇಂದಕ್ಕನ ಎಡಗೈ ನನ್ನ ಹೆಗಲ ಮೇಲಿತ್ತು. ಇಬ್ಬರೂ ರೈಲ್ವೆ ಸ್ಟೇಷನ್ನಿಗೆ ನಡೆದಿದ್ದೆವು. ಎಷ್ಟು ಖುಷಿಯಲ್ಲಿದ್ದೆವು ಅಂದರೆ, ಅವಳು ದಾರಿಯುದ್ದಕ್ಕೂ ನನ್ನ ಚಪ್ಪಲಿಯ ಬಗ್ಗೆ ಚೇಷ್ಟೆ ಮಾಡುತ್ತಿದ್ದಳು.

ಆ ವರ್ಷದ ಕಥೆ ಮಳೆಗಾಲದಲ್ಲಿ ಶುರುವಾಗಿ ತೊಗರಿ ಕೊಯ್ಲಿಗೆ ಮುಗಿಯಿತು. ಪೂರ್ತಿ ಆರು ತಿಂಗಳೂ ಇಲ್ಲ. ಅಷ್ಟರಲ್ಲಿ ಇಂದಕ್ಕನಿಗೆ ಒಂದು ಬ್ಯಾಂಕ್ ನೌಕರಿ ಸಿಕ್ಕಿತು, ಕೈಬಿಟ್ಟೂ ಹೋಯಿತು. ಕೈಬಿಡುವ ಹಾಗೆ ಮಾಡಿದ್ದು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಗೆ ಹೇಳಿದರೆ ನೀವು ನನಗೆ ಸಮಾಧಾನ ಹೇಳಲು ಬರುತ್ತೀರಿ. ಎಲ್ಲರೂ ಬರುತ್ತಾರೆ.

ಇಂದಕ್ಕ ಅಂದರೆ ಇಂದುಮತಿ, ನನ್ನ ದೊಡ್ಡವ್ವನ ಮಗಳು, ನನಗಿಂತ ಆರು ವರ್ಷ ದೊಡ್ಡವಳು. ಕರ್ನಾಟಕದ ಗಡಿಗೆ ಹೊಂದಿಕೊಂಡ ತೆಲುಗು ರಾಜ್ಯದಲ್ಲಿ, ನಾಗಲಗಿದ್ದದ ಹತ್ತಿರ ನಮ್ಮ ಊರು. ಹುಟ್ಟಿದಾಗ ಅವಳು ಅಳಲಿಲ್ಲವಂತೆ. ದವಾಖಾನೆಗೆ ಒಯ್ಯುವಷ್ಟರಲ್ಲಿ ಮೆದುಳಿಗೆ ಉಸಿರು ಸಾಲಲಿಲ್ಲ. ಬಲಗೈ ಎದೆಗೆ ಬಿಗಿದುಕೊಂಡಿತು, ಕಾಲು ಎಳೆಯಿತು, ನಾಲಿಗೆ ಅವಳ ಮಾತು ಕೇಳದಾಯಿತು. ಬುದ್ಧಿಗೆ ಏನೂ ಆಗಲಿಲ್ಲ. ಡಿಗ್ರಿ ಮನೆಯಲ್ಲೇ ಕೂತು ಓದಿ ಪಾಸು ಮಾಡಿದಳು; ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ತೆಲುಗಿನಲ್ಲಿ ಬರೆದುಕೊಟ್ಟಿದ್ದು ನಾನು. ಮಾತಾಡುವಾಗ ಮಾತ್ರ ಕುತ್ತಿಗೆಯ ನರ ಉಬ್ಬುತ್ತದೆ, ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಹೊಸಬರಿಗೆ ಅದು ನರಳಿದ ಹಾಗೆ ಕೇಳಿಸುತ್ತದೆ.

ನಾನು ಮಾತು ಕಲಿತಿದ್ದೇ ಅವಳ ಪಕ್ಕದಲ್ಲಿ ಕೂತು. ಹಾಗಾಗಿ ನಾಲ್ಕೈದು ವರ್ಷದವಳಿದ್ದಾಗಿನಿಂದ ಊರಿಗೆಲ್ಲ ನಾನೇ ಅವಳ ಬಾಯಿ. ಅವಳು ಹೇಳುವುದು, ನಾನು ತಿರುಗಿ ಹೇಳುವುದು. ಒಮ್ಮೆ ಕಿರಾಣಿ ಅಂಗಡಿಯಲ್ಲಿ ಅವಳು, "ಹ್ವಾದ ವಾರದ ಶೇಂಗಾಕ್ಕ ಹುಳ ಬಿದ್ದಿದ್ವು, ಈ ಸಲ ಮದ್ಲ ನಿನ್ನ ಹೆಂಡ್ತಿಗಿ ತಿನ್ಸಿ ನೋಡು, ಆಮ್ಯಾಗ ನಮಗ ಕೊಡು" ಎಂದಳು. ನಾನು ಅಂಗಡಿಯವನಿಗೆ, "ಚೊಲೋ ಶೇಂಗಾ ಕೊಡ್ರಿ ಕಾಕಾ, ಅಂತಾಳ" ಎಂದೆ. ಹೊರಗೆ ಬಂದ ಮೇಲೆ ತಲೆಗೆ ಮೊಟಕಿದಳು.

"ನನ್ನ ಮಾತಿಗಿ ಸಕ್ರಿ ಹಾಕಬ್ಯಾಡ ಅಂದೀನಲ್ಲ. ನಾ ಖಾರ ಕೊಟ್ರ ಖಾರನೇ ಮುಟ್ಸು."

ಅವಳಿಗೆ ಇಪ್ಪತ್ತೇಳಾಗಿದ್ದ ಆ ವರ್ಷ ನಾನು ನಾರಾಯಣಖೇಡದ ಬಸ್‌ಸ್ಟ್ಯಾಂಡಿನ ಎದುರು ಖಾದರ್ ಭಾಯಿಯ ಜೆರಾಕ್ಸ್ ಅಂಗಡಿಯಲ್ಲಿ ಆನ್‌ಲೈನ್ ಫಾರ್ಮ್ ತುಂಬುವ ಕೆಲಸಕ್ಕಿದ್ದೆ. ಊರಿನಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ನಾವಿಬ್ಬರೂ ಓದಿದ್ದು ತೆಲುಗು ಶಾಲೆಯಲ್ಲಿ. ಮನೆಯಲ್ಲಿ ಕನ್ನಡ, ಆದರೆ ಅದನ್ನು ಓದಲು ಬರೆಯಲು ಊರಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಕನ್ನಡ ಅಕ್ಷರ ಕಲಿತಿದ್ದು ಬೀದರಿನಿಂದ ಬರುವ ಬಸ್ಸಿನ ಬೋರ್ಡು ನೋಡಿ. ತೆಲುಗು ಅಕ್ಷರದ ತಲೆಕಟ್ಟು ಸ್ವಲ್ಪ ಬದಲಿಸಿದರೆ ಕನ್ನಡ ಆಗುತ್ತದೆ ಎಂದು ಗೊತ್ತಾದ ದಿನ ನನಗೆ ನಿಧಿ ಸಿಕ್ಕ ಹಾಗಾಗಿತ್ತು. ಆಮೇಲೆ ಲಗ್ನಪತ್ರಿಕೆ, ಕ್ಯಾಲೆಂಡರಿನ ಹಿಂಭಾಗ, ಗೊಬ್ಬರದ ಚೀಲ, ಕೈಗೆ ಸಿಕ್ಕಿದ್ದೆಲ್ಲ ಓದಿದೆ. ಹುಚ್ಚು ಹತ್ತಿತ್ತು.

ಬ್ಯಾಂಕಿನ ಗುಮಾಸ್ತರ ಪರೀಕ್ಷೆಗೆ ಇಂದಕ್ಕನ ಫಾರ್ಮ್ ತುಂಬಿದ್ದೂ ನಾನೇ. ಯಾವ ರಾಜ್ಯದ ಹುದ್ದೆ ಎಂದು ಕೇಳಿದಾಗ ಕರ್ನಾಟಕ ಎಂದು ಒತ್ತಿದೆ. ಗಡಿ ನಮ್ಮ ಹೊಲದಾಚೆ ಕಾಣುತ್ತದೆ, ಭಾಷೆ ನಮ್ಮದೇ. ಪರೀಕ್ಷೆ ಕಂಪ್ಯೂಟರಿನಲ್ಲಿತ್ತು. ನಾಲ್ಕು ಉತ್ತರದಲ್ಲಿ ಒಂದನ್ನು ಒತ್ತುವುದಷ್ಟೇ. ಅಂಗವಿಕಲರಿಗೆ ಕೊಡುವ ಹೆಚ್ಚಿನ ಸಮಯ ತೆಗೆದುಕೊಂಡು, ಎಡಗೈಯಲ್ಲಿ ಮೌಸ್ ಹಿಡಿದು ಅವಳೇ ಒತ್ತಿದಳು. ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ.

ಫಲಿತಾಂಶ ಬಂದ ದಿನ ಜೋರು ಮಳೆ. ಅಂಗಡಿಯೊಳಗೆ ನೀರು ನುಗ್ಗಿ ನಾವು ಕಾಗದದ ಕಟ್ಟುಗಳನ್ನು ಮೇಜಿನ ಮೇಲೆ ಎತ್ತಿಡುತ್ತಿದ್ದೆವು. ನಂಬರ್ ಹಾಕಿ ನೋಡಿದೆ. ಹೆಸರು ಇತ್ತು! ನಾನು ಕೂಗಿದ ರೀತಿಗೆ ಖಾದರ್ ಭಾಯಿ ಕರೆಂಟ್ ಹೊಡೆಯಿತೆಂದು ಮೇನ್ ಸ್ವಿಚ್ ತೆಗೆದುಬಿಟ್ಟರು.

"ಅರೇ ಬೇಟಿ, ನಿನಗ ಶಾಕ್ ಹೊಡದ್ರ ನನಗ ಜೈಲ್ ಆಗ್ತದ, ಹಿಂಗ ಚೀರಬ್ಯಾಡ" ಎಂದರು. ವಿಷಯ ತಿಳಿದ ಮೇಲೆ ಅದೇ ಮಳೆಯಲ್ಲಿ ಹೋಗಿ ಜಿಲೇಬಿ ತಂದರು. "ನಿಮ್ಮ ಅಕ್ಕ ಬ್ಯಾಂಕಿನಾಗ ಕುಂದ್ರತಾಳಂದ್ರ, ನಾ ಖಾತೆ ಅಲ್ಲೇ ತೆಗೀತೀನಿ. ಸಹಿ ಹೊಂದಂಗಿಲ್ಲ ಅಂತ ವಾಪಸ್ ಕಳಸ್ತಾಳ, ನೋಡು."

ಹದಿನೈದು ದಿನಕ್ಕೆ ಇನ್ನೊಂದು ಪತ್ರ ಬಂತು. ಅಭ್ಯರ್ಥಿ ಹತ್ತನೇ ತರಗತಿಯಲ್ಲಿ ಕನ್ನಡ ಓದಿಲ್ಲವಾದ್ದರಿಂದ ನೇಮಕಕ್ಕೆ ಮುಂಚೆ ಸ್ಥಳೀಯ ಭಾಷೆಯ ಪರೀಕ್ಷೆಗೆ ಹಾಜರಾಗಬೇಕು. ಓದಬೇಕು, ಬರೆಯಬೇಕು, ಮಾತಾಡಬೇಕು. ಅದರಲ್ಲಿ ಪಾಸಾಗದಿದ್ದರೆ ನೌಕರಿ ಇಲ್ಲ.

ನಾನು ಪತ್ರ ಓದಿ ಹೇಳಿದಾಗ ದೊಡ್ಡವ್ವ ರೊಟ್ಟಿ ಬಡಿಯುವುದು ನಿಲ್ಲಿಸಿ ನಕ್ಕಳು. "ಕನ್ನಡ ಪರೀಕ್ಷಾ? ನಮಗ? ನಮಗ ಕನಸು ಬೀಳೂದೂ ಕನ್ನಡದಾಗೇ."

ಇಂದಕ್ಕ ಹೇಳಿದಳು, "ಮೀನಿಗಿ ಈಜಿನ ಪರೀಕ್ಷಾ ಇಟ್ಟಾರ." ಎಲ್ಲರೂ ನಕ್ಕೆವು. ನನಗೆ ಆ ನಗು ಈಗಲೂ ಕೇಳಿಸುತ್ತದೆ. ನಮಗೆ ಒಂದು ಚೂರೂ ಭಯ ಇರಲಿಲ್ಲ.

ಶ್ರಾವಣ ಪೂರ್ತಿ ಅವಳಿಗೆ ಅಕ್ಷರ ಕಲಿಸಿದೆ. ಗಡಿಯಾಚೆಯ ನೆಂಟರ ಮನೆಯಿಂದ ಮೂರನೇ ತರಗತಿಯ ಪುಸ್ತಕ ತರಿಸಿದ್ದೆ. ಮಳೆ ಬಿಡುತ್ತಿರಲಿಲ್ಲ, ಹೊಲದ ಕೆಲಸ ಇರಲಿಲ್ಲ, ಬುದ್ಧನ ಫೋಟೋದ ಕೆಳಗೆ ಚಾಪೆ ಹಾಸಿ ಇಬ್ಬರೂ ಕೂರುತ್ತಿದ್ದೆವು. ಅವಳು ಹನ್ನೊಂದು ದಿನದಲ್ಲಿ ಪೂರ್ತಿ ಪುಸ್ತಕ ಓದಿದಳು. ಬಲಗೈ ಬರೆಯುವುದಿಲ್ಲ, ಎಡಗೈ ಪೆನ್ನು ಹಿಡಿದರೆ ನಡುಗುತ್ತದೆ. ಆದರೆ ಎಡಗೈಯ ತೋರುಬೆರಳಿಂದ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುವುದನ್ನು ಕಲಿತಳು. ಮೊದಲ ದಿನವೇ ನನಗೆ ಕಳಿಸಿದ್ದು ಏನು ಗೊತ್ತಾ? "ಸವಿತಾ ಮೇಡಂ ಅವರೇ, ನಿಮ್ಮ ತಲೆಯಲ್ಲಿ ಹೇನು ಕಾಣುತ್ತಿದೆ." ಪುಸ್ತಕದ ಕನ್ನಡದಲ್ಲಿ ಬಯ್ಯುವುದು ಅವಳಿಗೆ ಭಾರಿ ಸೇರಿತ್ತು. ದಿನಕ್ಕೆ ಹತ್ತು ಮೆಸೇಜು ಬರುತ್ತಿದ್ದವು.

ಆಮೇಲೆ ಆ ಫಾರ್ಮ್ ಬಂತು. ಅಂಗವಿಕಲ ಅಭ್ಯರ್ಥಿಗಳಿಗೆ ಪರೀಕ್ಷೆಯಲ್ಲಿ ಏನೇನು ಸೌಲಭ್ಯ ಬೇಕು ಎಂದು ಕೇಳುವ ಎರಡು ಪುಟ. ಇಷ್ಟು ವರ್ಷ ಬೇರೆಯವರಿಗೆ ಇಂಥವು ಎಷ್ಟೋ ತುಂಬಿಕೊಟ್ಟಿದ್ದೆ. ಹೆಚ್ಚಿನ ಸಮಯ ಬೇಕೇ? ಹೌದು. ಬರೆದುಕೊಡುವ ಸಹಾಯಕರು ಬೇಕೇ? ಹೌದು. ಸಹಾಯಕರನ್ನು ನೀವೇ ಕರೆತರುತ್ತೀರಾ, ಇಲ್ಲ ನಾವು ಕೊಡಬೇಕಾ?

ಅಲ್ಲಿ ನನ್ನ ಕೈ ನಿಂತಿತು. ಇಂದಕ್ಕ ಪಕ್ಕದ ಸ್ಟೂಲಿನ ಮೇಲಿದ್ದಳು. "ನೀ ಬಾ" ಎಂದಳು.

ಯಾಕೆ ಬೇಡವೆಂದೆ ಅಂತ ಹೇಳಬೇಕು. ಆ ಬೇಸಿಗೆಯಲ್ಲಿ ಫೋನಿನಲ್ಲಿ ಒಂದು ಕನ್ನಡ ಗುಂಪಿಗೆ ಸೇರಿದ್ದೆ. ನಮ್ಮ ಊರಿನ ಬಗ್ಗೆ ನಾಲ್ಕು ಸಾಲು ಬರೆದು ಹಾಕಿದೆ, ಮೊದಲ ಸಲ. ಕೆಳಗೆ ನಗುವ ಮುಖಗಳ ಸಾಲು. ಇದು ಯಾವ ಭಾಷೆ ತಂಗಿ, ಮೊದಲು ಕನ್ನಡ ಕಲಿತು ಬಾ, ಎಂದು ಒಬ್ಬರು. ಅರ್ಧ ತೆಲುಗು ಅರ್ಧ ಉರ್ದು, ಎಂದು ಇನ್ನೊಬ್ಬರು. ಅಳಿಸಿಬಿಟ್ಟೆ. ಯಾರಿಗೂ ಹೇಳಲಿಲ್ಲ. ಆದರೆ ಅದು ಒಳಗೆ ಕೂತಿತ್ತು. ನಮ್ಮದು ಮನೆ ಕನ್ನಡ, ಖರೇ ಕನ್ನಡ ಗಡಿಯಾಚೆ ಇದೆ ಎಂದು ನನಗೆ ಖಾತ್ರಿಯಾಗಿತ್ತು. ನಮ್ಮ ಕಡೆಯವರಿಗೆಲ್ಲ ಹೀಗೆ ಅನಿಸುತ್ತದೆ. ಬೀದರಿನಿಂದ ಯಾರಾದರೂ ಬಂದರೆ ನಾವು ಸಣ್ಣ ದನಿಯಲ್ಲಿ ಮಾತಾಡುತ್ತೇವೆ.

"ನನ್ನ ಅಕ್ಷರ ಕೋಳಿ ಕೆದರಿದಂಗ ಅವ ಅಕ್ಕ" ಎಂದೆ. "ನಾ ಬರದ್ರ ನೀ ಫೇಲಾಗ್ತಿ. ಅಲ್ಲಿ ಅವ್ರು ಕೊಡೋರು ಕನ್ನಡ ಸಾಲ್ಯಾಗ ಓದಿರ್ತಾರ. ಚಂದ ಬರೀತಾರ."

"ಅವ್ರಿಗಿ ನನ್ನ..." ಎಂದು ಏನೋ ಹೇಳಲು ಹೊರಟಳು.

"ನೀ ಸುಮ್ಕಿರು, ನನಗ ಗೊತ್ತದ" ಎಂದೆ. ಅಂಗಡಿಯಲ್ಲಿ ಆರು ಜನ ಕಾಯುತ್ತಿದ್ದರು. ನೀವೇ ಕೊಡಿ ಎನ್ನುವಲ್ಲಿ ಗುರುತು ಹಾಕಿದೆ. ಅದರ ಕೆಳಗೆ ಇನ್ನೊಂದು ಸಾಲಿತ್ತು, ಇತರೆ ಯಾವುದಾದರೂ ಅಗತ್ಯ. ಅಲ್ಲಿ ಇಲ್ಲ ಎಂದು ಬರೆದೆ.

ಇಲ್ಲ ಎಂದು ಯಾಕೆ ಬರೆದೆ? ಇದನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಂದಕ್ಕನ ಮಾತು ಯಾರಿಗೂ ತಿಳಿಯುವುದಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲವೇ? ದಿನಾ ನಾನೇ ತಿರುಗಿ ಹೇಳುತ್ತಿದ್ದೆನಲ್ಲ! ಆದರೆ ಸತ್ಯವಾಗಿ ಹೇಳುತ್ತೇನೆ, ಆ ಗಳಿಗೆ ಅದು ತಲೆಗೇ ಬರಲಿಲ್ಲ. ನನ್ನ ಕಿವಿಯಲ್ಲಿ ಅವಳು ಎಲ್ಲರ ಹಾಗೆಯೇ ಮಾತಾಡುತ್ತಾಳೆ. ನಾನು ಎದ್ದು ಹೋದರೆ ಏನು ಉಳಿಯುತ್ತದೆ ಎಂದು ನಾನು ಯಾವತ್ತೂ ಕೇಳಿಸಿಕೊಂಡಿರಲಿಲ್ಲ.

ಫಾರ್ಮಿನ ಜೊತೆಗೆ ಡಾಕ್ಟರ ಸಹಿ ಬೇಕಿತ್ತು. ಜಹೀರಾಬಾದಿನ ದವಾಖಾನೆಗೆ ಹೋದೆವು. ಮಧ್ಯಾಹ್ನದವರೆಗೆ ಸಾಲು. ಡಾಕ್ಟರಮ್ಮ ತೆಲುಗಿನಲ್ಲಿ ಒಂದೊಂದೇ ಕೇಳಿದರು, ಇಂದಕ್ಕ ಉತ್ತರ ಕೊಟ್ಟಳು, ಅಭ್ಯಾಸಬಲದಿಂದ ನಾನು ಹಿಂದೆಯೇ ತಿರುಗಿ ಹೇಳಿದೆ. ಅವರ ಕಾಗದದಲ್ಲಿ ಇದ್ದದ್ದು ಒಂದೇ ಮಾತು, ಈ ವ್ಯಕ್ತಿಗೆ ಕೈಯಿಂದ ಬರೆಯಲು ಆಗುವುದಿಲ್ಲ. ಸಹಿ ಹಾಕಿ, ಸೀಲು ಒತ್ತಿ ನನ್ನ ಕಡೆ ನೋಡಿದರು. "ನೀನು ಇಲ್ಲದಿದ್ದರೆ ನನಗೆ ಇವಳದ್ದು ಒಂದು ಮಾತೂ ತಿಳಿಯುತ್ತಿರಲಿಲ್ಲಮ್ಮ" ಎಂದು ತೆಲುಗಿನಲ್ಲಿ ಹೊಗಳಿದರು. ನಾನು ಹಿಗ್ಗಿದೆ. ಹೊರಗೆ ಬಂದು ಇಂದಕ್ಕನಿಗೆ ಮೆಣಸಿನಕಾಯಿ ಬಜ್ಜಿ ಕೊಡಿಸಿದೆ. ಅವಳು ಒಂದೇ ತಿಂದು ಉಳಿದದ್ದನ್ನು ನನ್ನ ಕೈಗಿಟ್ಟಳು. ಅವಳಿಗೆ ಆಗಲೇ ಹೊಳೆದಿತ್ತು ಎಂದು ಈಗ ಅನಿಸುತ್ತದೆ. ಅದೇ ಸಂಜೆ ನಾನು ಫಾರ್ಮ್ ಕಳಿಸಿದೆ, ಕೊನೆಯ ದಿನಾಂಕಕ್ಕೆ ಇನ್ನೂ ಒಂಬತ್ತು ದಿನ ಇದ್ದರೂ. ನನಗೆ ಎಲ್ಲದರಲ್ಲೂ ಅವಸರ.

ಪರೀಕ್ಷೆ ಕಲಬುರಗಿಯಲ್ಲಿ, ತೊಗರಿ ಕೊಯ್ಲಿನ ಹೊತ್ತಿಗೆ. ದೊಡ್ಡಪ್ಪ ತಾಂಡೂರಿನಲ್ಲಿ ಹಾಸುಗಲ್ಲಿಗೆ ಪಾಲಿಶ್ ಹಿಡಿಯುವ ಕೆಲಸಕ್ಕಿದ್ದಾನೆ, ಅಲ್ಲೇ ಒಂದು ಬಾಡಿಗೆ ಖೋಲಿ. ಹಿಂದಿನ ದಿನ ಅಲ್ಲಿಗೆ ಹೋದೆವು. ಬೆಳಿಗ್ಗೆ ರೈಲಿಗೆ ಹೊರಟಾಗ ದೊಡ್ಡಪ್ಪ ಕಲ್ಲುಧೂಳು ಹೋಗುವವರೆಗೆ ಮುಖ ತೊಳೆದು, ಬಿಳಿ ಅಂಗಿ ಹಾಕಿ ಸ್ಟೇಷನ್ನಿಗೆ ಬಂದ. ಮಾತು ಕಡಿಮೆ ಅವನದು. ರೈಲು ಹೊರಟಾಗ ಕಿಟಕಿಗೆ ಕೈಯಿಟ್ಟು, "ಹೆದರಬ್ಯಾಡ ಅವ್ವಿ, ನಿನ್ನ ಭಾಷೆ ಅದ" ಎಂದ.

ಬ್ಯಾಂಕಿನ ಆ ಕಚೇರಿಗೆ ಎಂಟು ಮೆಟ್ಟಿಲು. ನನ್ನ ಹೆಗಲು ಹಿಡಿದು ಇಂದಕ್ಕ ಹತ್ತಿದಳು. ಮೇಲಿನ ಬಾಗಿಲಲ್ಲಿ ಕಾವಲಿನವನು ನನ್ನನ್ನು ತಡೆದ.

"ನೀವು ಹೊರಗ ಕುಂದ್ರರಿ ತಂಗಿ. ಒಳಗ ಅಭ್ಯರ್ಥಿ ಒಬ್ರೇ."

ಒಳಗಿನಿಂದ ಒಬ್ಬ ಹುಡುಗಿ ಬಂದಳು, ಅವರು ಕೊಟ್ಟ ಸಹಾಯಕಿ. ಕಾಲೇಜಿನವಳು, ನೀಟಾಗಿ ಜಡೆ ಹಾಕಿದವಳು. ಅಕ್ಕನ ತೋಳು ಎಷ್ಟು ಹಗುರಾಗಿ ಹಿಡಿದಳೆಂದರೆ ನನಗೆ ನಿಶ್ಚಿಂತೆ ಆಯಿತು. ಬಾಗಿಲು ಪೂರ್ತಿ ಮುಚ್ಚಲಿಲ್ಲ. ನಾನು ಬೆಂಚಿನ ಮೇಲೆ ಕೂತೆ.

ಮೊದಲು ಓದಿಸಿದರು. ಇಂದಕ್ಕನ ದನಿ ಕೇಳಿಸಿತು. ಸರಿಯಾಗಿ ಓದುತ್ತಿದ್ದಳು, ಒಂದು ಅಕ್ಷರ ತಪ್ಪಿಲ್ಲ. ಒಳಗೆ ಯಾರೋ, "ಸಾಕಮ್ಮ, ಸಾಕು" ಎಂದರು. ಆಮೇಲೆ ನಿಮ್ಮ ಊರಿನ ಬಗ್ಗೆ ಬರೆಯಿರಿ ಎಂದರು. ಇಂದಕ್ಕ ಹೇಳತೊಡಗಿದಳು, ಆ ಹುಡುಗಿ ಬರೆಯಬೇಕು.

"ನಮ್ಮ ಊರಿನಲ್ಲಿ ಮೂರು ಭಾಷೆಗಳಿವೆ" ಎಂದು ಶುರು ಮಾಡಿದಳು. ಪುಸ್ತಕದ ಕನ್ನಡ, ಶ್ರಾವಣದಲ್ಲಿ ಕಲಿತದ್ದು. "ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು, ಅಡುಗೆ ಮನೆಯಲ್ಲಿ ಕನ್ನಡ. ಜಗಳವಾದರೆ ಮೂರೂ." ನಾನು ಹೊರಗೆ ಒಬ್ಬಳೇ ನಕ್ಕೆ.

ಒಳಗೆ ಯಾರೂ ನಗಲಿಲ್ಲ. "ಏನಂದ್ರಿ ಅಕ್ಕ?" ಎಂದಳು ಆ ಹುಡುಗಿ. ಇಂದಕ್ಕ ಮತ್ತೆ ಹೇಳಿದಳು. "ಇನ್ನೊಮ್ಮೆ ಹೇಳ್ತೀರಿ?" ಮತ್ತೆ ಹೇಳಿದಳು. ದನಿ ಏರುತ್ತಿತ್ತು, ಏರಿದಷ್ಟೂ ಅಕ್ಷರಗಳು ಒಂದಕ್ಕೊಂದು ಸಿಕ್ಕಿಬೀಳುತ್ತಿದ್ದವು. ಆತಂಕವಾದರೆ ಅವಳಿಗೆ ಕುತ್ತಿಗೆ ಬಿಗಿಯುತ್ತದೆ. ನಾಲ್ಕನೇ ಸಲ, ಐದನೇ ಸಲ. ಅದೇ ವಾಕ್ಯ. ನಮ್ಮ ಊರಿನಲ್ಲಿ ಮೂರು ಭಾಷೆಗಳಿವೆ. ನಮ್ಮ ಊರಿನಲ್ಲಿ ಮೂರು ಭಾಷೆಗಳಿವೆ.

ಓದುವುದು, ಬರೆಯುವುದು, ಮಾತಾಡುವುದು, ಮೂರು ಪರೀಕ್ಷೆ ಅಂದುಕೊಂಡು ಬಂದಿದ್ದೆವು. ಆ ಬೆಂಚಿನ ಮೇಲೆ ನನಗೆ ಗೊತ್ತಾಯಿತು, ಮೂರೂ ಒಂದೇ. ಮೂರೂ ಅವಳ ಬಾಯಿಯಿಂದಲೇ ಹೊರಬರಬೇಕು.

ಎದ್ದು ಬಾಗಿಲಿಗೆ ಹೋದೆ. "ಅಣ್ಣಾ, ಆಕಿ ಏನ್ ಹೇಳಾಕತ್ಯಾಳ ನನಗ ತಿಳೀತದ, ನಾ ಬರೀ ತಿರುಗಿ ಹೇಳ್ತೀನಿ."

"ಬಿಡಾಂಗಿಲ್ಲ ತಂಗಿ."

"ಒಳಗ ಬರಂಗಿಲ್ಲ. ಇಲ್ಲೇ ನಿಂತು ಹೇಳ್ತೀನಿ."

"ನನ್ನ ನೌಕರಿ ಹೋಗ್ತದ್ರೀ."

ನನಗೆ ತಡೆಯಲಾಗಲಿಲ್ಲ. ಬಾಗಿಲ ಸಂದಿಯಿಂದ ಕೂಗಿದೆ. "ನಮ್ಮ ಊರಾಗ ಮೂರು ಭಾಷೆ ಅವ ಅಂತ ಬರೀರಿ!"

 ಕನ್ನಡಕದ ಸಾಹೇಬರೊಬ್ಬರು ಹೊರಗೆ ಬಂದರು. ಕೆಟ್ಟವರಲ್ಲ ಅವರು, ಸಿಟ್ಟನ್ನೂ ಮಾಡಲಿಲ್ಲ. "ಹೊರಗಿಂದ ಉತ್ತರ ಹೇಳಿಕೊಟ್ಟಂಗ ಆತಲ್ಲವ್ವಾ ಇದು. ಈಗ ನಾ ಬರ್ಕೊಬೇಕಾಗ್ತದ."

"ಉತ್ತರ ಆಕಿದೇ ಸಾಹೇಬ್ರ! ನಾ ಆಕಿ ಹೇಳಿದ್ದು ಹೇಳಿದೆ."

"ಅದು ನನಗ ಹ್ಯಾಂಗ ಗೊತ್ತಾಗಬೇಕು?"

 ಅವರು ಕೈಯಲ್ಲಿದ್ದ ಕಾಗದ ತಿರುಗಿಸಿ ತೋರಿಸಿದರು. ನಾನು ತುಂಬಿದ ಫಾರ್ಮ್. "ಸಹಾಯಕರು ನೀವೇ ಕೊಡ್ರಿ ಅಂತ ನೀವೇ ಬರ್ದೀರಿ. ಬ್ಯಾರೆ ಅಗತ್ಯ ಇಲ್ಲ ಅಂದೀರಿ. ಮಾತಿನ ತೊಂದರಿ ಅದ ಅಂತ ಒಂದು ಸಾಲು ಬರ್ದಿದ್ರ, ಆಕಿ ಮುಂದ ಒಂದು ಕಂಪ್ಯೂಟರ್ ಇಡ್ತಿದ್ವಿ. ಹೋದ ವರ್ಷ ಒಬ್ಬರಿಗಿ ಇಟ್ಟೀವಿ."

"ಈಗ ಇಡ್ರಿ. ಆಕಿಗಿ ಟೈಪ್ ಮಾಡಾಕ ಬರ್ತದ. ಕಾಲು ಹಿಡೀತೀನಿ."

"ಮ್ಯಾಲಿಂದ ಒಪ್ಪಿಗಿ ಬೇಕು ತಂಗಿ. ಇವತ್ತಿನ ಮಾತಲ್ಲ ಅದು."

ಕೊನೆಗೆ ಮಾತಿನ ಪರೀಕ್ಷೆ. ಒಳಗಿದ್ದ ಮೇಡಂ ಸಣ್ಣ ಮಗುವಿಗೆ ಕೇಳುವ ಹಾಗೆ ನಿಧಾನವಾಗಿ ಕೇಳಿದರು, "ಅಮ್ಮಾ, ನಿನಗ ಕನ್ನಡ ಬರ್ತದೇನು?"

 ಇಂದಕ್ಕ ಹೇಳಿದಳು, "ನನಗ ಬರ್ತದ್ರೀ. ನಿಮಗ ಕೇಳಾಕ ಬರ್ತದೇನು?"

ಆ ಕಟ್ಟಡದಲ್ಲಿ ಅದು ತಿಳಿದಿದ್ದು ನನಗೊಬ್ಬಳಿಗೆ. ತಿರುಗಿ ಹೇಳಲು ನನ್ನ ಬಾಯಿ ತೆರೆಯಿತು, ಕಾವಲಿನವನು ನನ್ನ ಮುಖ ನೋಡಿದ, ಮುಚ್ಚಿಕೊಂಡೆ. "ಆತಮ್ಮ, ಹೋಗಿ ಬಾ" ಎಂದರು ಮೇಡಂ.

ವಾಪಸು ಬರುವಾಗ ಇಂದಕ್ಕ ರೈಲಿನ ಕಿಟಕಿಯ ಪಕ್ಕ ಕೂತಿದ್ದಳು. ಕಿಟಕಿಯಾಚೆ ಕೊಯ್ದು ಒಟ್ಟಿದ ತೊಗರಿಯ ಕಂತೆಗಳು ಹಿಂದೆ ಹೋಗುತ್ತಿದ್ದವು. ವಾಡಿ ಸ್ಟೇಷನ್ ದಾಟಿದ ಮೇಲೆ ಹೇಳಿದಳು, "ಆ ಹುಡುಗಿ ಪಾಪ ಅಳಾಕತ್ತಿದ್ಳು. ನಾ ಹೇಳಿದ್ದು ತಿಳೀಲಿಲ್ಲಂತ."

"ಏನ್ ಬರದ್ಳು ಮತ್ತ?"

"ನಮ್ಮ ಊರು ಚಂದ ಅದ, ಅಂತ. ತಾನೇ ಬರದ್ಳು. ಅಷ್ಟೇ ಒಂದು ಸಾಲು." ಸ್ವಲ್ಪ ಬಿಟ್ಟು, "ಅಕ್ಷರ ಮಾತ್ರ ನೀ ಅಂದಂಗ ಭಾಳ ಚಂದ ಇದ್ವು" ಎಂದಳು.

ಅವಳು ನನಗೆ ಆಡಿದ ಚುಚ್ಚುಮಾತು ಅದೊಂದೇ. ಅದಕ್ಕಿಂತ ಬಯ್ದಿದ್ದರೆ ಚೆನ್ನಾಗಿತ್ತು.

ಫಲಿತಾಂಶದ ಪತ್ರ ಖಾದರ್ ಭಾಯಿಯ ಅಂಗಡಿಯಲ್ಲೇ ತೆರೆದೆ. ಅಭ್ಯರ್ಥಿಗೆ ಸ್ಥಳೀಯ ಭಾಷೆಯ ಜ್ಞಾನ ಇರುವುದಿಲ್ಲ, ಆದ್ದರಿಂದ ನೇಮಕಾತಿಗೆ ಅನರ್ಹ. ಖಾದರ್ ಭಾಯಿ ನನ್ನ ಹಿಂದೆ ನಿಂತು ತೆಲುಗಿನಲ್ಲಿ ಹೇಳಿಸಿಕೊಂಡರು, ಉರ್ದುವಿನಲ್ಲಿ ಬಯ್ದರು, ಕನ್ನಡದಲ್ಲಿ, "ಗಲ್ತಿ ಫಾರ್ಮಿಂದು ಬೇಟಿ, ನಿಂದಲ್ಲ" ಎಂದರು. ನಾನು ಮೇಲ್ಮನವಿ ಕಳಿಸಿದೆ. ಒಂದಲ್ಲ, ಏಳು. ಡಾಕ್ಟರ ಕಾಗದ, ಅವಳು ಫೋನಿನಲ್ಲಿ ಬರೆದ ಮೆಸೇಜುಗಳ ಪ್ರತಿ, ಎಲ್ಲ ಹಚ್ಚಿದೆ. ಒಂದಕ್ಕೆ ಉತ್ತರ ಬಂತು. ಅರ್ಜಿಯಲ್ಲಿ ಕೋರಿದ ಎಲ್ಲ ಸೌಲಭ್ಯಗಳನ್ನೂ ಒದಗಿಸಲಾಗಿದೆ. ಅದು ಸುಳ್ಳಲ್ಲ. ಕೋರಿದ್ದನ್ನೆಲ್ಲ ಕೊಟ್ಟಿದ್ದರು.

ಮನೆಯಲ್ಲಿ ಪತ್ರ ಓದಿ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಇಂದಕ್ಕನೇ "ಓದು" ಎಂದಳು. ಓದಿದೆ. ದೊಡ್ಡವ್ವನಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು.

"ಈಕಿಗಿ ಕನ್ನಡ ಬರಂಗಿಲ್ಲ ಅಂತ ಬರದಾರೇನು?"

"ಹೂಂ ದೊಡ್ಡವ್ವ."

"ಹಂಗಾರ ಇಪ್ಪತ್ತೇಳು ವರ್ಷ ನನ್ನ ಕೂಡ ಯಾ ಭಾಷೆದಾಗ ಮಾತಾಡ್ಯಾಳ?" ದೊಡ್ಡವ್ವ ಇದನ್ನು ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿ ಕೇಳಿದಳು. ಯಾರಾದರೂ ಹೇಳುತ್ತಾರೇನೋ ಎಂದು ನಮ್ಮಿಬ್ಬರನ್ನೂ ನೋಡಿದಳು.

ಊರಲ್ಲಿ ಒಂದಿಬ್ಬರು, "ಕನ್ನಡ ಬರಲ್ದ ಕನ್ನಡದಾಕಿ" ಎಂದು ನಗೆಯಾಡಿದರು. ಕೆಟ್ಟ ಮನಸ್ಸಿನಿಂದಲ್ಲ, ನಮ್ಮ ಕಡೆ ಎಲ್ಲದಕ್ಕೂ ಹೀಗೇ ನಗುತ್ತಾರೆ. ಅಂಗಡಿಗೆ ಹೋಗುವುದನ್ನು ಇಂದಕ್ಕ ಬಿಟ್ಟಳು. ಬೇಸಿಗೆ ಬರುವ ಮೊದಲೇ ದೊಡ್ಡವ್ವ ಅವಳನ್ನು ಕರೆದುಕೊಂಡು ತಾಂಡೂರಿಗೆ ಹೋದಳು, ಮೂವರೂ ಆ ಖೋಲಿಯಲ್ಲೇ ಉಳಿದರು. ಶುರುವಿನಲ್ಲಿ ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಆಮೇಲೆ ಮೂರು ತಿಂಗಳಿಗೊಮ್ಮೆ. ಅಂಗಡಿ, ಬಸ್ಸು, ಏನೇನೋ ನೆಪ. ಮುಖ್ಯ ಕಾರಣ ಅವಳ ಎದುರು ಕೂರುವುದು ನನಗೆ ಕಷ್ಟವಾಗುತ್ತಿತ್ತು. ಅವಳ ಮೆಸೇಜುಗಳು ನಿಂತುಹೋಗಿದ್ದವು. ನಾನು ಹತ್ತು ಕಳಿಸಿದರೆ ಒಂದು ಹೆಬ್ಬೆರಳಿನ ಗುರುತು ಬರುತ್ತಿತ್ತು.

ಕಳೆದ ವಾರ ಹೋಗಿದ್ದು ಒಂದು ಆಸೆಯಿಂದ. ಮತ್ತೆ ಗುಮಾಸ್ತರ ಪರೀಕ್ಷೆ ಕರೆದಿದ್ದಾರೆ. ಅವಳಿಗೆ ವಯಸ್ಸು ಇನ್ನೂ ಇದೆ. ಫಾರ್ಮ್ ಪ್ರಿಂಟ್ ತೆಗೆದು, ಈ ಸಲ ಯಾವ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೊಂಡು ಒಯ್ದಿದ್ದೆ. ಮಾತಿನ ತೊಂದರೆ ಇದೆ. ಕೀಬೋರ್ಡು ಬೇಕು. ಸಹಾಯಕಿಯನ್ನು ನಾವೇ ಕರೆತರುತ್ತೇವೆ.

ದೊಡ್ಡವ್ವ ಕೆಲಸಕ್ಕೆ ಹೋಗಿದ್ದಳು. ಇಂದಕ್ಕ ಗೋಡೆಗೆ ಒರಗಿ ಕೂತಿದ್ದಳು. ತೆಳ್ಳಗಾಗಿದ್ದಳು, ಕುತ್ತಿಗೆ ಒಂದು ಕಡೆಗೆ ಮೊದಲಿಗಿಂತ ಹೆಚ್ಚು ವಾಲಿತ್ತು. "ದಿನಾ ಒಂದು ಮಾತೂ ಆಡಂಗಿಲ್ಲ, ಕೈ ಮಾಡಿ ತೋರಸ್ತಾಳ" ಎಂದು ದೊಡ್ಡವ್ವ ಫೋನಿನಲ್ಲಿ ಹೇಳಿದ್ದಳು. ನಾನು ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ. ಅವಳ ಮುಂದೆ ಕಾಗದ ಹರಡಿದೆ. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಎಲ್ಲ ಹೇಳಿದೆ. ಬಹಳ ಹೊತ್ತು ಹೇಳಿದೆ. ಎಂದಿನ ಹಾಗೆ ಅವಸರ ಅವಸರವಾಗಿ. ಅವಳು ಪೂರ್ತಿ ಕೇಳಿಸಿಕೊಂಡಳು.

ಆಮೇಲೆ ಏನೋ ಹೇಳಿದಳು.

ಉದ್ದದ ಮಾತಲ್ಲ. ನಾಲ್ಕೈದು ಶಬ್ದ ಇರಬಹುದು. ನರ ಉಬ್ಬಿತು, ದವಡೆ ಒಂದು ಕಡೆ ಎಳೆಯಿತು, ದನಿ ಬಂತು. ನಾನು ಕಾದೆ. ಅದು ಯಾವಾಗಲೂ ಕಿವಿಗೆ ಬೀಳುತ್ತಲೇ ತಾನಾಗಿ ಮಾತಾಗುತ್ತಿತ್ತು. ಈ ಸಲ ಆಗಲಿಲ್ಲ. ಒಪ್ಪಿದಳೋ, ಬೇಡವೆಂದಳೋ, ನನ್ನನ್ನು ಎದ್ದು ಹೋಗು ಎಂದಳೋ, ನನಗೆ ತಿಳಿಯಲಿಲ್ಲ.

ಕೇಳಬಹುದಿತ್ತು. ಕೇಳಲು ನಾಚಿಕೆಯಾಯಿತು. ನಕ್ಕು, ತಲೆಯಾಡಿಸಿ, "ಹೂಂ ಅಕ್ಕ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ತಿಳಿಯದೆ ಹೂಂ ಅನ್ನುವವರನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಾಳೆ. ಎರಡನೇ ಸಲ ಹೇಳಲಿಲ್ಲ.